ಹಡಗಿಗೆ ಹೊರಟ ಮದುವೆ ಸೂಟು

ಹಡಗು ಮುಳುಗೀತು ಎಂಬ ಭಯ ಕಾತ್ಯಾಯಿನಿಗೆ ಇರಲಿಲ್ಲವೆಂದಲ್ಲ. ಆದರೆ ಹೊರಡಲು ಮೂರು ದಿನ ಉಳಿದಿರುವಾಗ ಅವಳು, ಮುಳುಗುವುದೇ ಆದರೆ ಕ್ಯಾಪ್ಟನ್ನನ ಊಟಕ್ಕೆ ಮುಂಚೆಯೇ ಮುಳುಗಿಬಿಡಲಿ ಎನ್ನುವ ಮಟ್ಟಕ್ಕೆ ಬಂದಿದ್ದಳು.

ಚಿಂತೆ ಅವಳಿಗೆ ಹೊಸದಲ್ಲ. ಕೆಲವರಿಗೆ ಸಂಗೀತ ಬರುತ್ತದೆ, ಕೆಲವರಿಗೆ ಹೋಳಿಗೆ ಬರುತ್ತದೆ, ಕಾತ್ಯಾಯಿನಿಗೆ ಚಿಂತೆ ಬರುತ್ತಿತ್ತು. ಕಾನ್ವೆಂಟಿನಲ್ಲಿ ಓದುವಾಗ ಪರೀಕ್ಷೆಗೆ ಮೂರು ಪೆನ್ನು ಒಯ್ದು, ಮೂರೂ ಒಟ್ಟಿಗೆ ಕೈಕೊಟ್ಟರೆ ಎಂದು ನಾಲ್ಕನೆಯದನ್ನು ಗೆಳತಿಯ ಹತ್ತಿರ ಇಟ್ಟಿರುತ್ತಿದ್ದಳು. ಆಮೇಲೆ ಬಿ.ಎಸ್ಸಿ.ಯಲ್ಲಿ ಸೂಕ್ಷ್ಮಜೀವಿಗಳ ಪಾಠ ಬೇರೆ ಓದಿಸಿದರು. ಮದುವೆಯಾಗಿ ಜಯನಗರದ ನಾಲ್ಕನೇ ಟಿ ಬ್ಲಾಕಿಗೆ ಬಂದವಳು ಬಸ್‌ಸ್ಟಾಪಿನವರೆಗೂ ಹೋಗಿ, ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ವಾಪಸ್ಸು ಬರುವುದನ್ನು ಅಭ್ಯಾಸ ಮಾಡಿಕೊಂಡಳು. ಮಗಳು ಹುಟ್ಟಿದ ಮೇಲಂತೂ ಕುಡಿಯುವ ನೀರನ್ನು ಎರಡೆರಡು ಸಲ ಕುದಿಸತೊಡಗಿದಳು. ಒಂದು ಸಲ ಕ್ರಿಮಿಗಳನ್ನು ಕೊಲ್ಲಲು, ಇನ್ನೊಂದು ಸಲ ಬದುಕುಳಿದವನ್ನು ಹುಡುಕಿ ಕೊಲ್ಲಲು.

ಗಂಡ ಜಯಸಿಂಹ ಊರಾಚೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಾಲ್ಕು ವರ್ಷಕ್ಕೊಮ್ಮೆ ಸರ್ಕಾರಿ ಖರ್ಚಿನಲ್ಲಿ ಊರು ಸುತ್ತಿಸುವ ಎಲ್‌ಟಿಸಿಯಲ್ಲಿ ಅವನ ಜೊತೆಯವರೆಲ್ಲ ಕಾಶಿಗೋ ಕಾಶ್ಮೀರಕ್ಕೋ ಹೋಗಿ, ಸ್ವೆಟರ್ ಹಾಕಿಕೊಂಡು ಫೋಟೋ ತೆಗೆಸಿಕೊಂಡು ಬರುತ್ತಿದ್ದರು. ಎಂಬತ್ತೈದನೇ ಇಸವಿಯ ಸಂಕ್ರಾಂತಿ ಕಳೆದ ಮೇಲೆ ತನ್ನ ಸರದಿ ಬಂದಾಗ ಅವನು ಯಾರೂ ಮಾಡದ್ದನ್ನು ಮಾಡಿದ. ಕೊಚ್ಚಿಯಿಂದ ಹೊರಟು ದ್ವೀಪಗಳನ್ನೆಲ್ಲ ಸುತ್ತಿಸಿ ಐದನೇ ದಿನ ತಂದು ಬಿಡುವ ಹಡಗಿಗೆ ಟಿಕೆಟ್ ಮಾಡಿಸಿದ. ಟಿಕೆಟ್ಟಿನ ಜೊತೆ ಟೈಪು ಮಾಡಿದ ಹಾಳೆಯೊಂದು ಬಂತು. ನಾಲ್ಕನೇ ಸಂಜೆ ಕ್ಯಾಪ್ಟನ್ ಜೊತೆ ಊಟ, ಗಂಡಸರು ಸೂಟು ಮತ್ತು ಟೈ ಧರಿಸತಕ್ಕದ್ದು, ಹೆಂಗಸರು ಅದಕ್ಕೊಪ್ಪುವ ಉಡುಪಿನಲ್ಲಿ ಬರತಕ್ಕದ್ದು ಎಂದು ಅದರ ಕೊನೆಯಲ್ಲಿತ್ತು. ಈ ಸಾಲನ್ನು ಜಯಸಿಂಹ ಮೊದಲು ಹೆಂಡತಿಗೆ, ಆಮೇಲೆ ತಾಯಿಗೆ, ಆಮೇಲೆ ಫ್ಯಾಕ್ಟರಿ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೆ ಎಲ್ಲರಿಗೂ ಓದಿ ಹೇಳಿದ.

ತಾಯಿ ಅಮ್ಮಣ್ಣಿಯವರು ಹಡಗು ಹತ್ತುವ ಪೈಕಿಯಲ್ಲ. ಆದರೂ ವಿಚಾರಿಸಿಕೊಂಡರು.

"ಕೋಟು ಹಾಕ್ಕೊಂಡು ಊಟಕ್ಕೆ ಕೂತ್ರೆ ಸಾರು ತೋಳೊಳಗೆ ಇಳಿಯಲ್ವೇನೋ?"

"ಅಲ್ಲೆಲ್ಲ ಚಮಚದಲ್ಲಿ ತಿನ್ನೋದಮ್ಮ."

"ಚಮಚದಲ್ಲಿ ತಿನ್ನಕ್ಕೆ ಅಷ್ಟು ದೂರ ಹೋಗ್ಬೇಕಾ?"

ಜಯಸಿಂಹನಿಗೆ ಇದ್ದದ್ದು ಒಂದೇ ಸೂಟು, ಆರತಕ್ಷತೆಗೆಂದು ಮಾವ ಹೊಲಿಸಿಕೊಟ್ಟದ್ದು. ಆಗೆಲ್ಲ ಹೆಣ್ಣಿನ ಕಡೆಯವರು ಗಂಡಿಗೆ ಒಂದು ಸೂಟು ಹೊಲಿಸುವುದು, ಗಂಡು ಅದನ್ನು ಒಂದು ಸಂಜೆ ಬೆವರಿನಲ್ಲಿ ನೆನೆಸಿ ಆಮೇಲೆ ಜನ್ಮಪೂರ್ತಿ ನುಸಿಗುಳಿಗೆಯ ಜೊತೆ ಟ್ರಂಕಿನಲ್ಲಿ ಇಡುವುದು, ಇದು ಪದ್ಧತಿ. ಈ ಸೂಟು ಕಡುನೀಲಿ ಬಣ್ಣದ್ದು, ನೋಡಲು ಲಕ್ಷಣವಾಗಿತ್ತು. ಆದರೆ ಗಾಂಧಿ ಬಜಾರಿನ ಟೈಲರು ಕೋಟಿಗೆ ಒಳಬಟ್ಟೆ ಸಾಲದೆ ಬಂದಾಗ, ಮದುವಣಗಿತ್ತಿಯ ರವಿಕೆಗೆ ತಂದು ಉಳಿದಿದ್ದ ರಾಣಿ ಬಣ್ಣದ ಸ್ಯಾಟಿನ್ ಹಾಕಿ ಹೊಲಿದುಬಿಟ್ಟಿದ್ದ. ಆರತಕ್ಷತೆಯ ದಿನ ಕರೆಂಟು ಹೋಗಿ ಫ್ಯಾನು ನಿಂತರೂ ಮದುಮಗ ಮೂರು ಗಂಟೆ ಕೋಟಿನ ಗುಂಡಿ ಬಿಚ್ಚದೆ ನಿಂತ. ಬೀಗರು ಕೊಟ್ಟಿದ್ದು ಒಂದು ಸೂಟು, ಅದರ ಹೊಟ್ಟೆಯೊಳಗೂ ರವಿಕೆ ಕಣ ಎಂದು ಅಮ್ಮಣ್ಣಿಯವರು ನಾಲ್ಕು ವರ್ಷದಿಂದ ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ನೆನಪಿಸುತ್ತಿದ್ದರು.

ಆ ಸೂಟು ಈಗ ಮನೆಯಲ್ಲಿ ಇರಲಿಲ್ಲ. ಇದು ಗೊತ್ತಿದ್ದದ್ದು ಕಾತ್ಯಾಯಿನಿ ಒಬ್ಬಳಿಗೇ.

ಒಂದೂವರೆ ವರ್ಷದ ಕೆಳಗೆ, ಮಗು ಅಂಬೆಗಾಲಿಡುತ್ತಿದ್ದಾಗ, ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕಾಯಿಸಬಾರದೆಂದು ಯಾವುದೋ ವಾರಪತ್ರಿಕೆಯಲ್ಲಿ ಓದಿ ಅವಳು ಎರಡು ದಿನ ನಿದ್ದೆಗೆಟ್ಟಿದ್ದಳು. ಮೂರನೇ ದಿನ ಗುರುವಾರ. ಪ್ರತಿ ಗುರುವಾರ ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಯಲ್ಲಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿಗೆ ಬರುತ್ತಿದ್ದಳು. ಬುಟ್ಟಿಯ ನಡುವೆ ಐದು ಲೀಟರಿನ ಪಾತ್ರೆಯೊಂದು ಥಳಥಳ ಹೊಳೆಯುತ್ತಿತ್ತು. ಕಾತ್ಯಾಯಿನಿ ತಂದಿಟ್ಟ ಆರು ಹಳೇ ಸೀರೆಗಳನ್ನು ಯಲ್ಲಮ್ಮ ಎರಡು ಬೆರಳಲ್ಲಿ ಎತ್ತಿ ನೋಡಿ, ಇದಕ್ಕಿಂತ ಚೆನ್ನಾಗಿರೋದನ್ನ ನಾನೇ ಉಟ್ಕೊಂಡಿದೀನಲ್ಲಕ್ಕ, ಇವಕ್ಕೆ ಸೌಟು ಬರುತ್ತೆ ಅಷ್ಟೇ ಎಂದಳು. ಗಂಡಸರ ಬಟ್ಟೆಯಿದ್ದರೆ ಮಾತಾಡೋಣ ಎಂದು ಸೂಚಿಸಿದಳು.

ಜಯಸಿಂಹನಿಗೆ ಅಷ್ಟರಲ್ಲಿ ಹೊಟ್ಟೆ ಬಂದಿತ್ತು. ಆ ಕೋಟಿನ ಗುಂಡಿಗೂ ಕಾಜಕ್ಕೂ ಮಾತು ಬಿಟ್ಟು ವರ್ಷವಾಗಿತ್ತು. ಇನ್ನು ಆ ರಾಣಿ ಬಣ್ಣದ ಮಾತು ಕೇಳುವುದೂ ತಪ್ಪುತ್ತದೆ ಎಂದುಕೊಂಡು ಕಾತ್ಯಾಯಿನಿ ಟ್ರಂಕಿನಿಂದ ಕೋಟು ತೆಗೆದು ಕೊಟ್ಟಳು, ಪಾತ್ರೆ ಬಂತು. ಮುಚ್ಚಳ ಬೇರೆ ಎಂದಳು ಯಲ್ಲಮ್ಮ. ಮುಚ್ಚಳವಿಲ್ಲದ ಪಾತ್ರೆಗೆ ಧೂಳು ಬೀಳುತ್ತದೆ, ಧೂಳಿನಲ್ಲಿ ಏನೇನಿರುತ್ತದೆ ಎಂಬುದನ್ನು ಅವಳು ಮೂರು ವರ್ಷ ಓದಿದ್ದಾಳೆ. ಒಳಗೆ ಹೋಗಿ ಪ್ಯಾಂಟೂ ತಂದಳು. ಇಷ್ಟು ದೊಡ್ಡ ಪಾತ್ರೆ ಎಲ್ಲಿಂದ ಬಂತೇ ಎಂದು ಅಮ್ಮಣ್ಣಿಯವರು ಕೇಳಿದ್ದಕ್ಕೆ ಹಳೇ ಬಟ್ಟೆಗೆ ಎಂದಳು. ಸುಳ್ಳೇನೂ ಹೇಳಲಿಲ್ಲ.

ಈಗ ಮಂಚದ ಮೇಲೆ ಸೂಟ್‌ಕೇಸು ಬಾಯಿ ತೆರೆದು ಕೂತಿತ್ತು. ಕಾತ್ಯಾಯಿನಿ ಗ್ರೈಪ್ ವಾಟರ್ ಎರಡು ಬಾಟಲಿ, ಥರ್ಮಾಮೀಟರ್ ಎರಡು, ಮಗುವಿಗೆ ಹದಿನಾಲ್ಕು ಚಡ್ಡಿ, ವಾಂತಿಗೆ ನಿಂಬೆಕಾಯಿ ಉಪ್ಪಿನಕಾಯಿ, ಹಡಗಿನ ಊಟ ಸೇರದಿದ್ದರೆ ಪುಳಿಯೋಗರೆ ಗೊಜ್ಜು ಇಟ್ಟು, ಕ್ಯಾಪ್ಟನ್ನನಿಗೆ ಒಪ್ಪುವ ಉಡುಪು ಯಾವುದೆಂದು ತಿಳಿಯದೆ ಮೂರು ರೇಷ್ಮೆ ಸೀರೆ ಇಟ್ಟು, ನಡುವೆ ಐದು ಲೀಟರಿನ ಪಾತ್ರೆ ಇಟ್ಟಳು. ಸುತ್ತ ಎಷ್ಟೇ ನೀರಿರಲಿ, ಕುಡಿಯುವುದನ್ನು ಕುದಿಸಬೇಡವೇ? ಬುಧವಾರ ಸಂಜೆ ಜಯಸಿಂಹ ಬಂದವನೇ ಪಾತ್ರೆಯನ್ನು ಎತ್ತಿ ಹೊರಗಿಟ್ಟ.

"ಇದನ್ನಿಟ್ರೆ ಸೂಟಿಗೆ ಜಾಗ ಎಲ್ಲಿ ಕಾತ್ಯಾ? ಇದಿರ್ಬೇಕು, ಇಲ್ಲ ಅದಿರ್ಬೇಕು. ಎರಡೂ ಹೇಗಾಗುತ್ತೆ?"

ಮದುವೆಯಾದಾಗಿನಿಂದ ಅವನ ಬಾಯಲ್ಲಿ ಇಂಥ ಸತ್ಯ ಬಂದದ್ದನ್ನು ಅವಳು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳ ಹಾಗೆ ಕೈ ತಾನಾಗಿ ಪಾತ್ರೆಯ ಮೇಲೆ ಹೋಯಿತು. ಸೂಟು ಅಟ್ಟದ ಮೇಲಿನ ಟ್ರಂಕಿನಲ್ಲಿದೆ, ಬೀಗದಕೈ ಎಲ್ಲೋ ಬಿದ್ದಿದೆ, ಹುಡುಕುತ್ತೇನೆ ಎಂದಳು. ಸಿಗದಿದ್ದರೆ ಶುಕ್ರವಾರ ಸಂಜೆ ಬಂದು ಬೀಗ ಒಡೆಯುತ್ತೇನೆ, ಶನಿವಾರ ರೈಲು ಎಂದ ಜಯಸಿಂಹ. ಟಿಕೆಟ್ ಬಂದಾಗಿನಿಂದ ಅವನು ಹೊಟ್ಟೆ ಒಳಗೆಳೆದುಕೊಂಡು ನಡೆಯುವ ಅಭ್ಯಾಸ ಶುರುಮಾಡಿದ್ದ. ಊಟಕ್ಕೆ ಒಂದು ಚಪಾತಿ ಕಡಿಮೆ ಮಾಡಿದ್ದ. ಅದನ್ನು ನೋಡಿದಾಗ ಕಾತ್ಯಾಯಿನಿಗೆ ಇನ್ನೂ ಸಂಕಟವಾಗುತ್ತಿತ್ತು. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಅತ್ತೆಯ ಎದುರು ಆ ಟ್ರಂಕು ಖಾಲಿಯಾಗಿ ತೆರೆದುಕೊಂಡರೆ ಮುಂದಿನ ಮೂವತ್ತು ಯುಗಾದಿ ಅವಳಪ್ಪನ ಹೆಸರು ಹಿಡಿದು ಎಳೆದಾಡುತ್ತಾರೆ.

ಗುರುವಾರ ಯಲ್ಲಮ್ಮನ ಕೂಗು ಕೇಳಿದ ಕೂಡಲೇ ಅವಳು ಗೇಟಿಗೆ ಓಡಿದಳು. ಯಲ್ಲಮ್ಮ ಬುಟ್ಟಿ ಇಳಿಸಿ ಎಲೆಅಡಿಕೆ ಹಾಕಿಕೊಂಡು ಸಾವಧಾನವಾಗಿ ನೆನಪು ಮಾಡಿಕೊಂಡಳು.

"ಒಳಗೆ ರಾಣಿ ಕಲರ್ ಇತ್ತಲ್ಲ, ಅದೇ ತಾನೇ? ನಮ್ಮ ಇಟ್ಟಮಡು ಬ್ಯಾಂಡ್‌ಸೆಟ್ ಚಲುವರಾಜು ತಗೊಂಡ. ಮುಹೂರ್ತ ಇದ್ದಾಗೆಲ್ಲ ಅದನ್ನೇ ಹಾಕ್ತಾನೆ. ವಾಪಸ್ ಕೊಡು ಅಂತ ಕೇಳ್ತೀಯಾ? ಪಾತ್ರೆ ಒಲೆ ಮೇಲಿಟ್ಟು ಮಸಿ ಮಾಡಿದ್ಮೇಲೆ ನಾನು ವಾಪಸ್ ಕೇಳಿದ್ನಾ ಅಕ್ಕ?"

ಶುಕ್ರವಾರ ಬೆಳಿಗ್ಗೆ, ಸಮುದ್ರದ ಮೇಲೆ ಹೋಗುತ್ತಿದ್ದೇವೆ, ಬನಶಂಕರಿಗೆ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬರುತ್ತೇನೆ ಎಂದಳು ಕಾತ್ಯಾಯಿನಿ. ಅಮ್ಮಣ್ಣಿಯವರಿಗೆ ಸೊಸೆಯ ಬಾಯಲ್ಲಿ ಇಷ್ಟು ಒಳ್ಳೆಯ ಮಾತು ಬಂದದ್ದು ಕೇಳಿ ಖುಷಿಯಾಯಿತು. ಅವಳು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗಿ, ದೀಪ ಹಚ್ಚಿ, ಬೇಡಿಕೊಳ್ಳುವಾಗ ಸಮುದ್ರದ ಸುದ್ದಿಯನ್ನು ಮರೆತು ಬರೀ ಕೋಟಿನ ಸುದ್ದಿ ಹೇಳಿಕೊಂಡು, ಅಲ್ಲಿಂದ ಆಟೋ ಹಿಡಿದು ಇಟ್ಟಮಡುವಿಗೆ ಹೋದಳು.

ಚಲುವರಾಜುವಿನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕ್ಲಾರಿನೆಟ್ಟಿನ ಸದ್ದು ಹಿಡಿದು ನಡೆದರೆ ಸಾಕಿತ್ತು. ಅಂಗಳದ ಹಗ್ಗದ ಮೇಲೆ ಕೋಟು ಬಿಸಿಲಿಗೆ ಒಣಗುತ್ತಿತ್ತು. ಒಳಗಿನ ರಾಣಿ ಬಣ್ಣ ಮಾಸಿತ್ತು. ಆದರೆ ಭುಜಕ್ಕೆ ಒಂದೊಂದು ಅಂಗೈ ಅಗಲ ಚಿನ್ನದ ಬಣ್ಣದ ಜಾಲರಿ, ತೋಳಿಗೆ ಮೂರು ಸುತ್ತು ಜರಿ, ಎದೆಗೆ ಎರಡು ಸಾಲು ಹಿತ್ತಾಳೆ ಗುಂಡಿ ಬಂದಿತ್ತು. ಅವಳ ಮದುವೆಯಲ್ಲಿ ಮೂರು ಗಂಟೆ ನಿಂತು ಸುಸ್ತಾಗಿದ್ದ ಕೋಟು ಇಲ್ಲಿಗೆ ಬಂದ ಮೇಲೆ ನಲವತ್ತು ಮದುವೆ ಮಾಡಿಸಿತ್ತು.

ಚಲುವರಾಜು ನಲವತ್ತರ ಸುಮಾರಿನ, ತೆಳ್ಳಗಿನ, ನಿಧಾನಸ್ಥ ಮನುಷ್ಯ. ಅವಳ ಕಥೆಯನ್ನೆಲ್ಲ ಕೇಳಿ ನಗಲಿಲ್ಲ. ಕೋಟನ್ನು ಹಗ್ಗದಿಂದ ತೆಗೆದು, ಹಾಕಿಕೊಂಡು, ಗುಂಡಿ ಹಾಕಿ ತೋರಿಸಿದ. ಅವನ ಮೈಗೇ ಅಳತೆ ತೆಗೆದು ಹೊಲಿದ ಹಾಗಿತ್ತು. ಜಯಸಿಂಹನಿಗೆ ಹೊಸದರಲ್ಲೂ ಹೀಗೆ ಕೂತಿರಲಿಲ್ಲ.

"ಪ್ಯಾಂಟು ನನ್ಹತ್ರ ಇಲ್ಲ ಅಕ್ಕ, ಡ್ರಮ್ ಬಾರ್ಸೋ ಮಾರಯ್ಯಂಗೆ ಹೋಯ್ತು. ಅವನು ಮಂಡಿಯಿಂದ ಕೆಳಗೆ ಕತ್ತರಿಸ್ಬಿಟ್ಟಿದಾನೆ. ಕೋಟು ಬೇಕಾದ್ರೆ ತಗೊಂಡ್ಹೋಗಿ. ಆದ್ರೆ ಸೋಮವಾರ ಸುಬ್ರಹ್ಮಣ್ಯಪುರದಲ್ಲಿ ಲಗ್ನ ಇದೆ. ಅಷ್ಟೊತ್ತಿಗೆ ಹಡಗಿಂದ ಪೋಸ್ಟಲ್ಲಿ ಕಳ್ಸಕ್ಕಾಗುತ್ತಾ?"

ಸೋಮವಾರ ತಾವು ನಡುನೀರಿನಲ್ಲಿರುತ್ತೇವೆ ಎಂದಳು ಕಾತ್ಯಾಯಿನಿ.

"ಅಲ್ಲ ಅಕ್ಕ, ಇದನ್ನ ಹಾಕ್ಕೊಂಡು ಹೋದ್ರೆ ನಿಮ್ಮೆಜಮಾನ್ರೇ ಕ್ಯಾಪ್ಟನ್ ಅಂದ್ಕೊಂಡು ಎಲ್ರೂ ಅವರ ಹತ್ರಾನೇ ಬರ್ತಾರೆ. ಆಮೇಲೆ ಆ ಹಡಗಿನವನ ಗತಿ ಏನು?"

ಇದನ್ನೂ ಅವನು ನಗದೆಯೇ ಹೇಳಿದ. ಆಮೇಲೆ ಮಗುವಿನ ಕಡೆ ತಿರುಗಿ ಕ್ಲಾರಿನೆಟ್ ಎತ್ತಿ ಸಣ್ಣದೊಂದು ತುಣುಕು ಊದಿದ. ತೋಳೆತ್ತಿದಾಗ ಕೋಟು ಒಂದಿಷ್ಟೂ ಬಿಗಿಯಲಿಲ್ಲ. ಮಗು ಚಪ್ಪಾಳೆ ತಟ್ಟಿತು. ಕಾತ್ಯಾಯಿನಿಗೆ ನಾಲ್ಕು ದಿನದಲ್ಲಿ ಮೊದಲ ಸಲ ನಗು ಬಂತು. ಹೊಟ್ಟೆ ಒಳಗೆಳೆದುಕೊಂಡು ಉಸಿರು ಬಿಗಿಹಿಡಿದು, ಚಮಚದಲ್ಲಿ ಅನ್ನ ಎತ್ತುವ ಜಯಸಿಂಹ ಕಣ್ಣಿಗೆ ಬಂದ. ಆ ಊಟ ಮುಗಿಯುವುದರೊಳಗೆ ಗುಂಡಿ ಹಾರಿ ಕ್ಯಾಪ್ಟನ್ನನ ಸೂಪಿಗೆ ಬೀಳುತ್ತಿತ್ತು, ಅದಂತೂ ಖಂಡಿತ. ಕೋಟು ಇಲ್ಲೇ ಇರಲಿ ಎಂದು ಹೇಳಿ ಹೊರಟಳು.

ಕೋಟು ಸಿಗದೆಂಬುದು ಇತ್ಯರ್ಥವಾಯಿತು. ಇನ್ನು ಉಳಿದದ್ದು ಹೇಳುವುದು. ಸಂಜೆ ಅವನು ಫ್ಯಾಕ್ಟರಿ ಬಸ್ಸಿಳಿದು ಬಂದರೆ ಮೊದಲು ಸಿಗುವವರು ಜಗುಲಿಯ ಮೇಲಿನ ಅಮ್ಮಣ್ಣಿಯವರು, ಆಮೇಲೆ ಅಟ್ಟ, ಆಮೇಲೆ ಸುತ್ತಿಗೆ. ತಮ್ಮ ರಸ್ತೆಗೆ ತಿರುಗಿದಾಗ ಎರಡು ಮನೆ ಈಚೆಗಿನ ಚೂಡಾಮಣಿಯವರ ಬಾಗಿಲು ತೆರೆದಿತ್ತು. ಆ ಬೀದಿಗೆಲ್ಲ ಇದ್ದದ್ದು ಅವರೊಬ್ಬರ ಫೋನು. ಕಸೂತಿ ಬಟ್ಟೆ ಹೊದ್ದುಕೊಂಡು, ಡಯಲಿಗೆ ಬೀಗ ಹಾಕಿಸಿಕೊಂಡು, ದೇವರ ಪಕ್ಕದಲ್ಲೇ ಅದು ಕೂತಿರುತ್ತಿತ್ತು. ಜಯಸಿಂಹನ ಕಾರ್ಖಾನೆಯಲ್ಲಿ ಫೋನು ಇರುವುದು ಆಫೀಸರ ಮೇಜಿನ ಮೇಲೆ. ಆಫೀಸರ ಮೇಜಿನ ಮುಂದೆ ನಿಂತು ಯಾವ ಗಂಡಸೂ ಹೆಂಡತಿಯ ಮೇಲೆ ಕೂಗಾಡಲಾರ. ಚಿಂತೆ ಮಾಡಿ ಮಾಡಿ ಸವೆದ ಬುದ್ಧಿ ಒಮ್ಮೊಮ್ಮೆ ಹೀಗೆ ಹರಿತವಾಗಿಯೂ ಓಡುತ್ತದೆ.

ಆ ಕಾರ್ಖಾನೆಗೆ ಮನೆಯಿಂದ ಫೋನು ಹೋಗುತ್ತಿದ್ದದ್ದು ಹೆರಿಗೆಗೆ, ಇಲ್ಲವೇ ಸಾವಿಗೆ. ಆದ್ದರಿಂದ ಅವಳು ಡಯಲಿನ ಬೀಗ ತೆಗೆಸಿ, ನಂಬರು ತಿರುಗಿಸಿ ಹೆಸರು ಹೇಳಿದ ಕೂಡಲೇ ಆಫೀಸರು ಪಾಪ, ಜಯಸಿಂಹನನ್ನು ಓಡಿಸಿಕೊಂಡು ಬರುವಂತೆ ಯಾರನ್ನೋ ಕಳಿಸಿದರು. ಚೂಡಾಮಣಿ ಅವರೆಕಾಯಿ ಸುಲಿಯುವ ಮೊರವನ್ನು ಮೆಲ್ಲಗೆ ಫೋನಿನ ಹತ್ತಿರಕ್ಕೆ ಎಳೆದುಕೊಂಡರು.

"ಮಗು ಹೇಗಿದೆ?" ಏದುಸಿರು ಬಿಡುತ್ತ ಕೇಳಿದ ಜಯಸಿಂಹ.

"ಮಗು ಚೆನ್ನಾಗಿದೆ ರೀ. ಅಮ್ಮನೂ ಚೆನ್ನಾಗಿದಾರೆ. ಸೂಟಿನ ವಿಷಯ."

"ಬೀಗದಕೈ ಸಿಕ್ತಾ?"

ಕಾತ್ಯಾಯಿನಿ ಒಂದು ಸಲ ಕಣ್ಣು ಮುಚ್ಚಿ ತೆರೆದಳು.

"ಸೂಟು ಟ್ರಂಕಲ್ಲಿಲ್ಲ. ಅಡುಗೆಮನೇಲಿದೆ. ಐದು ಲೀಟರ್ ಹಿಡಿಯುತ್ತೆ."

ಚೂಡಾಮಣಿಯವರ ಕೈಯಲ್ಲಿ ಅವರೆಕಾಯಿ ಅರ್ಧಕ್ಕೇ ನಿಂತಿತು. ಜಯಸಿಂಹ ಗಂಟಲು ಸರಿಮಾಡಿಕೊಂಡು, ಆಫೀಸರಿಗೆ ಕೇಳಿಸುವ ದನಿಯಲ್ಲಿ, "ಹ್ಞೂಂ. ಸರಿ. ಒಳ್ಳೇದು" ಎಂದ. ಆಮೇಲೆ ಫೋನಿಗೆ ಬಾಯಿ ಒತ್ತಿ ಪಿಸುಗುಟ್ಟಿದ.

"ಪ್ಯಾಂಟೂನಾ?"

"ಪ್ಯಾಂಟಿಗೆ ಮುಚ್ಚಳ ಕೊಟ್ಳು ರೀ" ಎಂದಳು ಕಾತ್ಯಾಯಿನಿ. "ಗಟ್ಟಿಯಾಗಿ ಕೂರುತ್ತೆ. ಈಗ ಜಾಗ ಆಯ್ತಲ್ಲ, ಪೆಟ್ಟಿಗೇಲಿ ಇಟ್ಬಿಡ್ಲಾ?"