ಮೂಲೆ ತೋಟದ ಡಬಲ್ ಇಂಟಿಗ್ರಲ್

ಇಂಜಿನಿಯರಿಂಗಿನ ಗಣಿತದ ಪೇಪರಿನಲ್ಲಿ ನಾನು ಎರಡು ಸಲ ಡುಮ್ಕಿ ಹೊಡೆದಿದ್ದೆ. ಮೂರನೆಯ ಸಲವೂ ಹೋದರೆ ಮುಂದಿನ ವರ್ಷಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಗುಬ್ಬಿಯಿಂದ ತುಮಕೂರಿಗೆ ರೈಲಿನಲ್ಲಿ ಹೋಗುವಾಗಲೂ ತೊಡೆಯ ಮೇಲೆ ಅದೇ ಪುಸ್ತಕ. ಎರಡು ಹಾವು ಪಕ್ಕಪಕ್ಕ ಎದ್ದು ನಿಂತಂಥ ಆ ಡಬಲ್ ಇಂಟಿಗ್ರಲ್ ಚಿಹ್ನೆ, ಕೊನೆಯಲ್ಲಿ ಡಿಎಕ್ಸ್ ಡಿವೈ. "ಒಳಗಿನದನ್ನು ಮೊದಲು ಮಾಡಿ, ಆಮೇಲೆ ಹೊರಗಿನದು" ಎನ್ನುತ್ತಿದ್ದರು ಮೇಷ್ಟ್ರು. ಅದೇನು ಮಹಾ ಎಂದು ನಾನು ಎರಡೂ ಚಿಹ್ನೆಗೆ ಇಷ್ಟರಿಂದ ಇಷ್ಟರವರೆಗೆ ಎಂದು ಅಂಕಿ ಹಾಕಿ ಮುಗಿಸುತ್ತಿದ್ದೆ. ಲೆಕ್ಕದಲ್ಲಿ ಕೊಟ್ಟ ಜಾಗ ತ್ರಿಕೋನವಾಗಿದ್ದರೂ ಅಷ್ಟೇ. ಉತ್ತರ ತಪ್ಪಿದಾಗ ಪುಸ್ತಕದ ಮೇಲೆ ಸಿಟ್ಟು ಬರುತ್ತಿತ್ತು.

ಪರೀಕ್ಷೆಗೆ ವಾರವಿರುವಾಗ ನಮ್ಮ ತೋಟದಲ್ಲಿ ತೆಂಗಿನಕಾಯಿ ಕೆಡವಿದರು. ಕಾಲುವೆ ಪಕ್ಕದ ಮೂಲೆ ತೋಟ ಅದು. ಈ ಕಡೆ ಅಗಲ, ಆ ಕಡೆ ಚೂಪು. ಕಾಯಿ ಗುಡ್ಡೆ ಹಾಕುವ ಮೊದಲು ಮರದ ಬುಡದಲ್ಲೇ ಎಣಿಸುವುದು ಅಮ್ಮನ ಪದ್ಧತಿ. ಯಾವ ಮರ ಎಷ್ಟು ಕೊಟ್ಟಿತೆಂದು ಅವಳಿಗೆ ಗೊತ್ತಾಗಬೇಕು. ಅಂದು ಅವಳಿಗೆ ಕಾಲು ನೋವು, ಎಣಿಕೆ ನನ್ನ ಪಾಲಿಗೆ ಬಂತು. ನಾನು ಓದಿದವಳಲ್ಲವೇ! ಮೊದಲ ಸಾಲನ್ನು ಮಾತ್ರ ಎಣಿಸಿ, ಎಷ್ಟು ಸಾಲಿದೆಯೋ ಅಷ್ಟರಿಂದ ಗುಣಿಸಿ ಹೇಳಿದೆ.

ಅಮ್ಮ ಬಿದ್ದೂ ಬಿದ್ದೂ ನಕ್ಕಳು. "ಅಷ್ಟು ಕಾಯಿ ಬಿಡಕ್ಕೆ ಕಾಲ್ವೆ ಒಳಗೂ ಮರ ನೆಟ್ಟಿದ್ವೇನೇ? ಸಾಲು ಬತ್ತಾ ಬತ್ತಾ ಚಿಕ್ಕದಾಗಲ್ವಾ? ಮೊದ್ಲು ಯಾವ್ ಸಾಲು ಅಂತ ನಿಂತ್ಕೊ. ಅದು ಎಲ್ಲಿಗೆ ಮುಗೀತದೆ ನೋಡ್ಕೊಂಡು ಎಣಿಸು. ಆಮೇಲೆ ಎಲ್ಲಾ ಸಾಲೂ ಕೂಡಿಸು ಕಣೇ."

ನಾನು ಅಲ್ಲೇ ನಿಂತುಬಿಟ್ಟೆ. ಒಳಗಿನ ಚಿಹ್ನೆಯೆಂದರೆ ಒಂದು ಸಾಲಿನುದ್ದಕ್ಕೂ ನಡೆಯುವುದು; ಅದರ ಕೊನೆ ಎಲ್ಲಿ ಎಂಬುದನ್ನು ನಾನು ನಿಂತ ಸಾಲೇ ಹೇಳಬೇಕು. ಹೊರಗಿನದು ಆ ಸಾಲುಗಳನ್ನೆಲ್ಲ ಕೂಡಿಸುವುದು. ಎರಡು ವರ್ಷ ತಲೆಗೆ ಹತ್ತದ್ದು ಇಷ್ಟೇನಾ! ನಂಬಿಕೆ ಸಾಲದೆ ಅಡ್ಡಸಾಲು ಹಿಡಿದೂ ಎಣಿಸಿದೆ. ಸಾಲುಗಳ ಉದ್ದವೆಲ್ಲ ಬೇರೆ, ಮೊತ್ತ ಅದೇ.

"ಇನ್ನೇನಾಗ್ತದೆ? ತೋಟ ಅದೇ ಅಲ್ವಾ?" ಅಂದಳು ಅಮ್ಮ.

ಪರೀಕ್ಷೆಯಲ್ಲಿ ತ್ರಿಕೋನವೇ ಬಂತು. ಎರಡೂ ದಿಕ್ಕಿನಿಂದ ಮಾಡಿ, ಉತ್ತರ ತಾಳೆ ನೋಡಿ ಎದ್ದು ಬಂದೆ. ಪಾಸಾದೆ.

ಈಗ ಕುಣಿಗಲ್‌ನ ಕಾಲೇಜೊಂದರಲ್ಲಿ ಅದೇ ಪಾಠ ಮಾಡುತ್ತೇನೆ. ಹೋದ ತಿಂಗಳು ಅಮ್ಮ ಬಂದವಳು ನನ್ನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತಳು. ಬೋರ್ಡಿನ ಮೇಲೆ ಮೂಲೆ ತೋಟ ಬರೆದು, ಸಾಲುಗಳನ್ನೆಳೆದು, ಎರಡೂ ಚಿಹ್ನೆಯ ಲಿಮಿಟ್, ಅಂದರೆ ಎಲ್ಲಿಂದ ಎಲ್ಲಿಯವರೆಗೆ, ಎಂದು ಕೇಳಿದೆ. ಒಬ್ಬ ಹುಡುಗಿ ಎರಡಕ್ಕೂ ಬರೀ ಅಂಕಿ ಹೇಳಿದಳು. ನಾನು ಬಾಯಿ ತೆರೆಯುವ ಮೊದಲೇ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಅಮ್ಮ ಹಿಂದಿನಿಂದ ಕೇಳಿದಳು:

"ನೀನು ಯಾವ್ ಸಾಲಲ್ಲಿ ನಿಂತಿದೀಯವ್ವ?"

ಇಡೀ ಕ್ಲಾಸು ತಿರುಗಿ ನೋಡಿತು.

"ನಮ್ಮಮ್ಮ," ಅಂದೆ. "ನನಗೆ ಇದನ್ನ ಹೇಳ್ಕೊಟ್ಟೋರು ಇವ್ರೇ."