ಹನ್ನೊಂದೂವರೆಯ ಆಮ್ಲಜನಕ

ಕಾಗದದ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಗಾಳಿಯಕ್ಕ ಎಂದು. ಆ ಹೆಸರಿಟ್ಟವನು ಸ್ಕ್ರೂಡ್ರೈವರಣ್ಣ. ಅವನಿಗೆ ಆ ಹೆಸರಿಟ್ಟವಳು ಗಾಳಿಯಕ್ಕ. ಹೀಗೆ ಒಬ್ಬರಿಗೊಬ್ಬರು ಹೆಸರಿಟ್ಟುಕೊಂಡು ಹನ್ನೊಂದು ವರ್ಷ ಮಾಪನ ಯಂತ್ರಗಳ ಕೋಣೆಯಲ್ಲಿ ಒಂದೇ ಮೇಜಿನ ಎರಡು ಬದಿಗೆ ಕೂತವರು ಅವರು. ಅವಳು ಗಾಳಿ ಅಳೆಯುತ್ತಿದ್ದಳು. ಅವನು, ಯಾವ ಯಂತ್ರ ಏನು ತೋರಿಸಿದರೂ, ಬೇಕಾದ ಅಂಕಿ ಬರುವ ತನಕ ಅದರ ತಿರುಪು ತಿರುಗಿಸುತ್ತಿದ್ದ.

ಗಾಳಿ ಅಳೆಯುವುದೆಂದರೆ ಬಾಯ್ಲರಿನ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ನೋಡುವುದು. ಉರಿಗೆ ಗಾಳಿ ಕಡಿಮೆಯಾದರೆ ಕರಿಹೊಗೆ. ಹೆಚ್ಚಾದರೆ ಉರುವಲಿನ ಶಾಖವೆಲ್ಲ ಚಿಮಣಿ ಹತ್ತಿ ಆಕಾಶದ ಪಾಲು. ನೂರಕ್ಕೆ ಮೂರು ಪಾಲು ಉಳಿದಿದ್ದರೆ ಉರಿ ಹದದಲ್ಲಿದೆ. ಅದನ್ನು ಹೇಳಲು ಹೊಗೆಯ ದೊಡ್ಡ ಕೊಳವೆಯೊಳಗೆ ಮೊಣಕೈಯುದ್ದದ ಒಂದು ಕಡ್ಡಿ ಚುಚ್ಚಿದ್ದಾರೆ. ಮಸಿ ಕಟ್ಟಿದರೆ ಅದು ಸುಳ್ಳು ಹೇಳತೊಡಗುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಗಾಳಿಯಕ್ಕ ಏಣಿ ಹತ್ತಿ ಅದನ್ನು ಹೊರಗೆಳೆದು, ಮಸಿ ಒರೆಸಿ, ಮತ್ತೆ ಕೂರಿಸಿ, ಪರೀಕ್ಷೆ ಮಾಡುತ್ತಾಳೆ. ಸಿಲಿಂಡರಿನ ಅನಿಲ ಕೊಟ್ಟಾಗ ಎರಡು ಎನ್ನಬೇಕು. ಬರಿಯ ಗಾಳಿ ಕೊಟ್ಟಾಗ ಇಪ್ಪತ್ತೊಂದಕ್ಕೆ ಒಂದು ಕೂದಲೆಳೆ ಕಡಿಮೆ ಎನ್ನಬೇಕು. ಎರಡಕ್ಕೂ ಸರಿಯಾದ ಉತ್ತರ ಕೊಟ್ಟ ಯಂತ್ರದ ಮಾತನ್ನು ಅವಳು ನಂಬುತ್ತಾಳೆ. ಗಂಡಸರ ವಿಷಯದಲ್ಲಿ ಇಂಥ ಸಿಲಿಂಡರು ಸಿಗುವುದಿಲ್ಲವಲ್ಲ ಎಂದು ಅವಳಿಗೆ ಬಹಳ ದಿನದಿಂದ ಬೇಸರ.

ಅತ್ತೆಗೆ ಈ ಕೆಲಸ ಕೊನೆಗೂ ಅರ್ಥವಾಗಲಿಲ್ಲ. ಸಂಜೆ ಸೊಸೆ ಚಪ್ಪಲಿ ಬಿಡುವ ಮುಂಚೆಯೇ, ಇವತ್ತು ಎಷ್ಟು ಸೇರು ಗಾಳಿ ಅಳೆದೆ ಎಂದು ಕೇಳುವುದು ಅವರ ವಾಡಿಕೆ. ಸೊಸೆಯೂ, ಏಳು ಸೇರು ಅತ್ತೆ, ನಾಳೆಗೂ ಸ್ವಲ್ಪ ಉಳಿಸಿ ಬಂದಿದ್ದೇನೆ ಎಂದು ನೇರವಾಗಿ ಒಲೆಯ ಮುಂದೆ ಹೋಗಿ ನಿಲ್ಲುತ್ತಿದ್ದಳು.

ಗಂಡ ಅದೇ ಕಾರ್ಖಾನೆಯಲ್ಲಿ ಹಗಲು ಪಾಳಿಯ ಬಾಯ್ಲರ್ ಆಪರೇಟರ್. ಇಬ್ಬರೂ ಏಳು ಗಂಟೆಗೆ ಒಂದೇ ಗೇಟಿನಲ್ಲಿ ಹಾಜರಿ ಹಾಕುತ್ತಿದ್ದರು. ಮನೆಯಲ್ಲಿ ಅವಳ ಹಾಜರಿ ಮಾತ್ರ ಅದಕ್ಕೆ ಎರಡೂವರೆ ಗಂಟೆ ಮೊದಲೇ ಬಿದ್ದಿರುತ್ತಿತ್ತು. ಅಡುಗೆ, ಅತ್ತೆಯ ಬಿಸಿನೀರು, ಒಗೆದ ಬಟ್ಟೆಯನ್ನು ಹಿತ್ತಲಿನ ಹಗ್ಗಕ್ಕೆ ಹಾಕುವುದು, ಕಡೆಗೆ ಎರಡು ಡಬ್ಬಿ ಊಟ. ಸಂಜೆ ಇಬ್ಬರೂ ದಣಿದೇ ಬರುತ್ತಿದ್ದರು. ಅವನ ದಣಿವಿಗೆ ಒಂದು ಕುರ್ಚಿ ಇತ್ತು, ಅವಳ ದಣಿವಿಗೆ ಒಂದು ರಾಶಿ ಪಾತ್ರೆ.

ಹನ್ನೊಂದು ವರ್ಷ ಕಡ್ಡಿ ಒರೆಸಿದವಳು ಅವಳಾದರೂ ಅಳತೆಯ ಪುಸ್ತಕದಲ್ಲಿ ಸಹಿ ಬಿದ್ದದ್ದು ಕೋಣೆಯ ಮುಖ್ಯಸ್ಥರದು. ಅವರು ನಿವೃತ್ತರಾದಾಗ ಮ್ಯಾನೇಜರು ಅವಳಿಗೆ ಆರು ತಿಂಗಳ ಮಟ್ಟಿಗೆ ಕೋಣೆಯ ಬೀಗದ ಕೈ ಕೊಟ್ಟರು. ಸರಿಯಾಗಿ ನಡೆದರೆ ಜಾಗ ಅವಳದೇ, ಇಲ್ಲವಾದರೆ ಸ್ಕ್ರೂಡ್ರೈವರಣ್ಣನದು. ನಾಲ್ಕು ತಿಂಗಳು ಸರಿಯಾಗಿಯೇ ನಡೆಯಿತು. ಐದನೆಯ ತಿಂಗಳಲ್ಲಿ ಮೂರರಲ್ಲಿ ನಿಂತಿರಬೇಕಾದ ಅಂಕಿ ಹಗಲು ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ಏಳಕ್ಕೆ ಏರತೊಡಗಿತು.

ಏಳು ಎಂದರೆ ಗಾಳಿ ಹೆಚ್ಚಾಗಿದೆ ಎಂದರ್ಥ. ಗಂಡ ನಿಯಮದಂತೆ ಬಾಯ್ಲರಿನ ಗಾಳಿ ತಗ್ಗಿಸಿದ. ತಗ್ಗಿಸಿದ ಕೂಡಲೇ ಚಿಮಣಿಯಿಂದ ಕರಿಹೊಗೆ ಎದ್ದು, ಕಾರ್ಮಿಕರ ಮನೆಗಳ ಮೇಲೆ ತೇಲಿ, ಹಗ್ಗದ ಮೇಲಿನ ಬಟ್ಟೆಗಳ ಮೇಲೆ ನಿಧಾನವಾಗಿ ಇಳಿಯಿತು. ಆ ಸಾಲಿನ ಹೆಂಗಸರೆಲ್ಲ ಒಗೆದದ್ದನ್ನೇ ಮತ್ತೆ ಒಗೆದರು. ಗಾಳಿಯಕ್ಕನೂ ಕೆಲಸದಿಂದ ಬಂದು ಒಗೆದಳು. ಅತ್ತೆ ಬಾಗಿಲಲ್ಲಿ ನಿಂತು, "ಅಳೆಯೋದು ನಿನ್ನಿಂದ ಆಗ್ಲಿಲ್ಲ, ಒಗೆಯೋದಾದ್ರೂ ಸರಿಯಾಗಿ ಒಗಿ" ಎಂದರು.

ಅವಳು ಏಣಿ ಹತ್ತಿದಳು, ಕಡ್ಡಿ ಒರೆಸಿದಳು, ಸಿಲಿಂಡರು ಕೊಟ್ಟಳು. ಎರಡು ಎಂದಿತು. ಗಾಳಿ ಕೊಟ್ಟಳು. ಇಪ್ಪತ್ತೊಂದಕ್ಕೆ ಕೂದಲೆಳೆ ಕಡಿಮೆ ಎಂದಿತು. ಹೊಗೆಗೆ ಬಿಟ್ಟಾಗ ಮೂರು. ಇಳಿದು ಬಂದು ಮಧ್ಯಾಹ್ನ ನೋಡಿದರೆ ಏಳು. ಹೀಗೆ ನಾಲ್ಕು ಸಲವಾಯಿತು. ಒಂದು ಕಡೆ ಗಾಳಿ ಹೆಚ್ಚು ಎನ್ನುವ ಯಂತ್ರ, ಇನ್ನೊಂದು ಕಡೆ ಗಾಳಿ ಸಾಲದು ಎನ್ನುವ ಕರಿಹೊಗೆ; ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆಂದರೆ ಉರಿ ದಾಟಿದ ಮೇಲೆ ಎಲ್ಲಿಂದಲೋ ಹೊರಗಿನ ಗಾಳಿ ಕೊಳವೆಯೊಳಗೆ ನುಗ್ಗುತ್ತಿರಬೇಕು. ಆದರೆ ಅವಳು ಏಣಿ ಹತ್ತಿದಾಗಲೆಲ್ಲ ಎಲ್ಲ ಮುಚ್ಚಳಗಳೂ ಭದ್ರವಾಗಿಯೇ ಇದ್ದವು. ಏಣಿಯ ಬೀಗದ ಕೈ ಇದ್ದದ್ದು ಗಂಡನ ಬಳಿ. ಬರುವ ಅರ್ಧ ಗಂಟೆ ಮೊದಲೇ ಅವನಿಗೆ ಹೇಳಬೇಕಿತ್ತು.

ಮ್ಯಾನೇಜರು ಅವಳನ್ನು ಕರೆಸಿ, ಶುಕ್ರವಾರ ಆದೇಶಕ್ಕೆ ಸಹಿ ಹಾಕಬೇಕು, ಅಷ್ಟರಲ್ಲಿ ಯಂತ್ರದ ಪರದೆಯ ಮೇಲೆ ಮೂರು ಕಾಣಿಸಲಿ ಎಂದರು. ಸ್ಕ್ರೂಡ್ರೈವರಣ್ಣ ಮೇಜಿನ ಆ ಬದಿಯಿಂದ ತನ್ನ ಆಯುಧವನ್ನು ಅವಳತ್ತ ಉರುಳಿಸಿ, ಕಾಲು ಸುತ್ತು ತಿರುಗಿಸಿದರೆ ಮೂರು, ಜಾಗ ನಿನ್ನದು, ನನಗೇನೂ ಹೊಟ್ಟೆಕಿಚ್ಚಿಲ್ಲ ಎಂದ. ಗಂಡನೂ ಮನೆಯಲ್ಲಿ ಅದನ್ನೇ ಹೇಳಿದ.

"ಅವ್ರಿಗೆ ಮೂರು ಬೇಕು, ಮೂರು ತೋರ್ಸು. ನಿಂಗೇನು ಗಂಟು ಹೋಗುತ್ತೆ?"

"ತೋರಿಸ್ಬಹುದು. ಆಮೇಲೆ ಆ ಪುಸ್ತಕದಲ್ಲಿ ನನ್ನ ಸಹಿ ಇರುತ್ತೆ. ಹನ್ನೊಂದು ವರ್ಷ ಕಾದಿದ್ದು ಸುಳ್ಳಿಗೆ ಸಹಿ ಹಾಕೋಕಾ?"

ಅವನು ಕುರ್ಚಿಯಲ್ಲಿ ಇನ್ನಷ್ಟು ಒರಗಿದ. ಅವಳು ಪಾತ್ರೆಗಳ ಕಡೆಗೆ ತಿರುಗಿದಳು. ಬುಧವಾರದ ಸಂಜೆ ಅದು. ಕೈಗೆ ಬಂದದ್ದು ಗಂಡನ ಡಬ್ಬಿ. ಅದರ ತಳ ಕರಿಯಾಗಿತ್ತು. ಎರಡು ತಿಂಗಳಿನಿಂದ ಅವಳು ಅದನ್ನು ಗೊಣಗುತ್ತಲೇ ಉಜ್ಜುತ್ತಿದ್ದಳು. ಉಜ್ಜುವ ಕೆಲಸದಲ್ಲಿ ಯಾರೂ ಕಾರಣ ಕೇಳುವುದಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಅಂದು ಸಿಟ್ಟಿನಲ್ಲಿದ್ದುದರಿಂದ ಕೇಳಿದಳು.

"ನಿಮ್ಮ ಡಬ್ಬಿ ತಳ ಯಾಕೆ ಕರಿ?"

"ಹಳೇದಾಯ್ತಲ್ಲ."

"ನನ್ನದೂ ಅದೇ ದಿನ ತಂದಿದ್ದು."

"ನಿಂದು ನೀನು ಚೆನ್ನಾಗಿ ಉಜ್ಕೊಳ್ತೀಯ."

ಅವಳು ಬೆರಳಿನಿಂದ ಡಬ್ಬಿಯ ತಳವನ್ನೊಮ್ಮೆ ಸವರಿದಳು. ಒಲೆಯ ಮಸಿಯಾಗಿದ್ದರೆ ಜಿಡ್ಡಿರಬೇಕಿತ್ತು. ಇದು ಒಣ ಹುಡಿ, ಬೂದು ಬೆರೆತ ಕಪ್ಪು, ಬೆರಳ ಗೆರೆಯೊಳಗೆ ಕೂತರೆ ಏಳದು. ತಿಂಗಳಿಗೊಮ್ಮೆ ಏಣಿಯ ತುದಿಯಲ್ಲಿ ಅವಳು ಒರೆಸುತ್ತಿದ್ದುದು ಇದನ್ನೇ. ಕಾರ್ಖಾನೆಯ ಊಟದ ಕೋಣೆಯಲ್ಲಿ ಡಬ್ಬಿ ಬಿಸಿ ಮಾಡುವ ಪೆಟ್ಟಿಗೆ ಕೆಟ್ಟು ಎರಡು ತಿಂಗಳಾಯಿತು, ತಾನಂತೂ ತಣ್ಣಗಿನದನ್ನೇ ತಿನ್ನುತ್ತಿದ್ದೇನೆ ಎಂಬುದೂ ಅವಳಿಗೆ ಆಗಲೇ ನೆನಪಾಯಿತು. ಗಂಡ ಮಾತ್ರ ಒಂದು ದಿನವೂ ಊಟ ತಣ್ಣಗಿತ್ತೆಂದು ದೂರಿರಲಿಲ್ಲ. ಸಾರಿಗೆ ಉಪ್ಪು ಒಂದು ಕಲ್ಲು ಕಡಿಮೆಯಾದರೂ ದೂರುವ ಗಂಡ.

ಅವಳು ಡಬ್ಬಿಯನ್ನು ಫಳಫಳ ಉಜ್ಜಿ ಮಗುಚಿಟ್ಟಳು. ಅಂದು ಸೊಸೆ ಪಾತ್ರೆ ತೊಳೆಯುತ್ತ ಹಾಡು ಗುನುಗಿದ್ದನ್ನು ಕೇಳಿ ಅತ್ತೆಗೆ ಏನೋ ಕೇಡು ಕಾದಿದೆ ಎನ್ನಿಸಿತು.

ಮರುದಿನ ಎರಡು ತಿಂಗಳ ಗ್ರಾಫನ್ನು ಮೇಜಿನ ತುಂಬ ಹರಡಿದಳು. ಹನ್ನೊಂದೂವರೆಗೆ ಏರು, ಹನ್ನೆರಡೂವರೆಗೆ ಇಳಿತ, ದಿನ ತಪ್ಪದೆ. ಒಂದೇ ಒಂದು ದಿನ ಗೆರೆ ಮಲಗಿದ ಹಾಗಿತ್ತು: ಕಾರ್ಖಾನೆಯವರೇ ಎಲ್ಲರಿಗೂ ಊಟ ಹಾಕಿಸಿದ್ದ ದಿನ. ಸ್ಕ್ರೂಡ್ರೈವರಣ್ಣ ಬಗ್ಗಿ ನೋಡಿದ, ತನ್ನ ಡಬ್ಬಿಯ ಕಡೆ ಒಮ್ಮೆ ನೋಡಿದ, ಆಮೇಲೆ ಏನೋ ಕೆಲಸ ನೆನಪಾದವನಂತೆ ಎದ್ದು ಹೋದ.

ಶುಕ್ರವಾರ ಹನ್ನೊಂದು ಮುಕ್ಕಾಲಿಗೆ ಅವಳು ಮ್ಯಾನೇಜರನ್ನೇ ಬಾಯ್ಲರಿನ ಬಳಿಗೆ ಕರೆದುಕೊಂಡು ಬಂದಳು. ಗಂಡನಿಗೆ ಮೊದಲೇ ಹೇಳಿರಲಿಲ್ಲ. ಮ್ಯಾನೇಜರು ಜೊತೆಯಲ್ಲಿದ್ದುದರಿಂದ ಅವನಿಗೆ ಬೀಗದ ಕೈ ಹುಡುಕುವ ನಾಟಕವನ್ನೂ ಆಡಲಾಗಲಿಲ್ಲ. ಪರದೆಯ ಮೇಲೆ ಏಳೂವರೆ. ಏಣಿಯ ನಡುಮಟ್ಟದಲ್ಲಿ, ಕಡ್ಡಿಗಿಂತ ಸ್ವಲ್ಪ ಮೊದಲು, ಕೊಳವೆಯೊಳಗೆ ಇಣುಕಲೆಂದು ಮಾಡಿದ ಕಬ್ಬಿಣದ ಬಾಗಿಲಿತ್ತು. ಅದರ ಒಳಗಡೆ ಕಿಟಕಿಯ ಕಟ್ಟೆಯಂಥ ಅಗಲವಾದ ಇಟ್ಟಿಗೆಯ ಅಂಚು. ಬಾಗಿಲ ತಿರುಪುಗಳು ಸಡಿಲವಾಗಿದ್ದವು. ನಡುವಿನ ನಾಲ್ಕು ಬೆರಳಿನ ಸಂದಿಯಿಂದ ಗಾಳಿ ಸುಯ್ಯೆಂದು ಒಳಕ್ಕೆ ಹೋಗುತ್ತಿತ್ತು. ಅವಳು ಅಲ್ಲಿ ನೇತುಹಾಕಿದ್ದ ಮಾಸಿದ ಬಟ್ಟೆ ಕೈಗೆ ಸುತ್ತಿಕೊಂಡು ಬಾಗಿಲು ತೆರೆದು ಒಂದೊಂದಾಗಿ ಡಬ್ಬಿಗಳನ್ನು ಹೊರಗಿಟ್ಟಳು. ಒಂಬತ್ತು. ಒಂಬತ್ತೂ ಅವಳೂ ಸೇರಿ ಒಂಬತ್ತು ಹೆಂಗಸರು ನಸುಕಿನಲ್ಲೆದ್ದು ತುಂಬಿ ಕಟ್ಟಿದವು.

"ಬಾಗಿಲು ಮುಚ್ತೀನಿ ಸರ್. ಪರದೆ ನೋಡ್ತಿರಿ" ಎಂದಳು.

ತಿರುಪು ಬಿಗಿದಳು. ಆರು, ಐದು, ನಾಲ್ಕು. ಎರಡು ನಿಮಿಷದಲ್ಲಿ ಮೂರು. ಡಬ್ಬಿ ಇಟ್ಟರೆ ಯಂತ್ರ ಏಳು ಎನ್ನುತ್ತದೆಂದು ಗಂಡನಿಗೆ ನಿಜಕ್ಕೂ ತಿಳಿದಿರಲಿಲ್ಲ. ನಿಯಮಕ್ಕೆ ವಿರುದ್ಧ ಎಂಬುದಷ್ಟೇ ಗೊತ್ತಿತ್ತು. ತನ್ನ ಊಟ ಬಿಸಿಯಾಗಲೆಂದು ಬಾಗಿಲು ತೆರೆದವನೂ ತಾನೇ, ಗಾಳಿ ಹೆಚ್ಚಾಯಿತೆಂದು ಉರಿಯನ್ನು ಉಸಿರುಗಟ್ಟಿಸಿದವನೂ ತಾನೇ ಎಂದು ತಿಳಿದು ಅವನ ಮುಖ ಡಬ್ಬಿಯ ತಳದ ಬಣ್ಣಕ್ಕೆ ತಿರುಗಿತು.

ಮ್ಯಾನೇಜರು ಗಂಟಲು ಸರಿಪಡಿಸಿಕೊಂಡು ಶಿಸ್ತು, ಅಪಾಯ, ಬೇಜವಾಬ್ದಾರಿ ಎಂದು ಮಾತು ಆರಂಭಿಸಿದರು. ಗಾಳಿಯಕ್ಕ ಕೇಳುತ್ತಲೇ ಡಬ್ಬಿಗಳನ್ನು ವಾರಸುದಾರರಿಗೆ ಕೊಡತೊಡಗಿದಳು. ಎಂಟು ಹೋದವು. ಮೂರಂತಸ್ತಿನ, ಹಿಡಿಗೆ ಕೆಂಪು ದಾರ ಸುತ್ತಿದ ಒಂದು ಮಾತ್ರ ಉಳಿಯಿತು.

"ಇದು ಯಾರದೂ ಅಲ್ವಾ? ಹಾಗಿದ್ರೆ ಗೇಟಿನ ಹತ್ರ ನಾಯಿ ಇದೆ."

ಮ್ಯಾನೇಜರ ಭಾಷಣ ನಿಂತಿತು.

"ನಮ್ಮ ಅಟೆಂಡರು ಇಟ್ಟಿರ್ಬೇಕು" ಎಂದರು. "ನಂಗೆ ಗೊತ್ತೇ ಇರ್ಲಿಲ್ಲಮ್ಮ."

"ಇರುತ್ತೆ ಸರ್. ಬಿಸಿ ಊಟ ಎಲ್ಲಿಂದ ಬರುತ್ತೆ ಅಂತ ಗೊತ್ತಿಲ್ಲದೆ ಎಷ್ಟೋ ಜನ ಉಣ್ತಾರೆ."

ಸೋಮವಾರ ಆದೇಶ ಬಂತು. ಅವಳೇ ಕೋಣೆಯ ಮುಖ್ಯಸ್ಥೆ. ಪುಸ್ತಕದಲ್ಲಿ ಅವಳದೇ ಸಹಿ. ಕೆಳಗೆ ಇನ್ನೊಂದು ಸಾಲು: ಹೊಸದಾಗಿ ತರಿಸುವ ಡಬ್ಬಿ ಬಿಸಿ ಮಾಡುವ ಪೆಟ್ಟಿಗೆಯ ಉಸ್ತುವಾರಿ ಮತ್ತು ಸ್ವಚ್ಛತೆಯನ್ನೂ ಇವರೇ ನೋಡಿಕೊಳ್ಳತಕ್ಕದ್ದು. ಅವಳು ಆ ಸಾಲನ್ನು ಅಡಿಪಟ್ಟಿ ಇಟ್ಟು ನೀಟಾಗಿ ಹೊಡೆದುಹಾಕಿ, ಸಹಿ ಮಾಡದೆ ಆದೇಶವನ್ನು ವಾಪಸು ಒಯ್ದಳು.

"ಎಷ್ಟು ಸಣ್ಣ ಕೆಲ್ಸಮ್ಮ ಅದು" ಎಂದರು ಮ್ಯಾನೇಜರು. "ಹೆಣ್ಮಕ್ಳಿಗೆ ಅಭ್ಯಾಸ ಇರುತ್ತೆ ಅಂತ ಹಾಕಿದ್ದು."

"ಸಣ್ಣದು ಅಂತ ಹೇಳಿ ಹೇಳೇ ಮನೇಲಿ ಎಲ್ಲಾ ನನಗೇ ಕೊಟ್ಟಿದ್ದಾರೆ ಸರ್. ಇನ್ನೊಂದು ಹಿಡಿಸೋಕೆ ಜಾಗ ಇಲ್ಲ. ಈ ಸಾಲು ಇದ್ರೆ ಬೀಗದ ಕೈ ಸ್ಕ್ರೂಡ್ರೈವರಣ್ಣನಿಗೆ ಕೊಡಿ."

ಅವಳು ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ಹನ್ನೊಂದು ವರ್ಷದ ಆಸೆ ಅದು. ಮ್ಯಾನೇಜರು ಬೀಗದ ಕೈಯನ್ನು ನೋಡಿದರು, ಗ್ರಾಫನ್ನು ನೋಡಿದರು, ಮೂರಂತಸ್ತಿನ ಡಬ್ಬಿಯನ್ನೂ ನೆನೆದುಕೊಂಡಿರಬೇಕು. ಮಧ್ಯಾಹ್ನದೊಳಗೆ ಎರಡು ಹಾಳೆ ಟೈಪಾದವು. ಒಂದಕ್ಕೆ ಅವಳು ಸಹಿ ಹಾಕಿದಳು. ಇನ್ನೊಂದು ಬಾಯ್ಲರ್ ವಿಭಾಗಕ್ಕೆ, ಹಗಲು ಪಾಳಿಯ ಆಪರೇಟರಿಗೆ ಹೋಯಿತು.

ಸಂಜೆ ಅವನು ಆ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದ. ಪೆಟ್ಟಿಗೆಯ ಒಳಗನ್ನು ದಿನಾ ಒರೆಸಬೇಕೋ, ವಾರಕ್ಕೊಮ್ಮೆ ಸಾಕೋ, ಹಸಿ ಬಟ್ಟೆಯೋ ಒಣ ಬಟ್ಟೆಯೋ ಎಂದು ಕೇಳಿದ. ಅತ್ತೆ ಹಾಳೆ ಕಸಿದುಕೊಂಡು ಓದಿಸಿ ಕೇಳಿ ಕಂಗಾಲಾದರು.

"ಅವನಿಗೆ ಒರೆಸೋಕೆ ಎಲ್ಲಿ ಬರುತ್ತೆ?"

"ಬರುತ್ತೆ ಅತ್ತೆ" ಎಂದಳು ಗಾಳಿಯಕ್ಕ. "ಲಿಖಿತ ಆದೇಶ ಇದೆ."