ಅಕ್ಕನ ಅರ್ಜಿ, ಗಿರಿಜಾ ಕಾಕುವಿನ ಟಿವಿ

ಆಗೆಲ್ಲ ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರ ಮನೆಗೆ ಬೀಗರು ಬಂದರೂ ಇಡೀ ಓಣಿಯ ಸಾಮಾನು ಆ ಮನೆ ಸೇರುತ್ತಿತ್ತು. ಒಬ್ಬರ ಕುರ್ಚಿ, ಇನ್ನೊಬ್ಬರ ಜಮಖಾನೆ, ಮತ್ತೊಬ್ಬರ ಕಪ್ಪು-ಬಸಿ. ಸಂಜೆಗೆ ಎಲ್ಲ ತಿರುಗಿ ಅವರವರ ಮನೆಗೆ. ಅದನ್ನು ಯಾರೂ ಸುಳ್ಳು ಅನ್ನುತ್ತಿರಲಿಲ್ಲ, ಮರ್ಯಾದೆ ಅನ್ನುತ್ತಿದ್ದರು.

ನಾನಾಗ ನಾಲ್ಕನೇ ಇಯತ್ತೆ ಓದುತ್ತಿದ್ದೆ. ಅಕ್ಕ ಸುವರ್ಣಾ ಪಿಯುಸಿ ಸೈನ್ಸ್‌ನಲ್ಲಿ ಛಲೋ ಮಾರ್ಕ್ಸ್ ತೆಗೆದಿದ್ದಳು. ಜಮಖಂಡಿಯಲ್ಲಿ ಬಿಎಸ್ಸಿ ಓದಬೇಕೆಂದು ಅವಳ ಹಟ. ಅಪ್ಪ ಬೇರೆಯವರ ಪವರ್‌ಲೂಮಿನಲ್ಲಿ ಕೂಲಿ ನೇಯುತ್ತಿದ್ದ, ಅವ್ವ ಮನೆಯಲ್ಲಿ ಮಗ್ಗದ ಕಂಡಿಕಿಗೆ ನೂಲು ಸುತ್ತುತ್ತಿದ್ದಳು.

"ಸ್ಕಾಲರ್‌ಶಿಪ್ ಬಂದ್ರ ಕಳಸ್ತೀನಿ. ಇಲ್ಲಂದ್ರ ನನ್ನ ಕೈಲೆ ಆಗೂದಿಲ್ಲವಾ," ಅಂದುಬಿಟ್ಟಿದ್ದ ಅಪ್ಪ.

ಬಡ ಮಕ್ಕಳಿಗೆ ಫೀ ಕಟ್ಟುವ ಟ್ರಸ್ಟೊಂದಕ್ಕೆ ಅಕ್ಕ ಅರ್ಜಿ ಹಾಕಿದಳು. ಝೆರಾಕ್ಸ್ ಅಂಗಡಿಗೆ ನನ್ನನ್ನೂ ಕರೆದೊಯ್ದಿದ್ದಳು. ಬಿಸಿ ಹಾಳೆಯನ್ನು ನನ್ನ ಮೂಗಿಗೆ ಹಿಡಿದು, "ನೋಡಬೇ, ಕಾಲೇಜಿನ ವಾಸನಿ!" ಎಂದು ನಕ್ಕಳು.

ಒಂದು ಮಧ್ಯಾಹ್ನ ಅಪ್ಪ ಮನೆಯಲ್ಲೇ ಬಿಟ್ಟುಹೋಗಿದ್ದ ಫೋನಿಗೆ ಕರೆ ಬಂತು. ಟ್ರಸ್ಟಿನವರು ಮನೆಯ ಪರಿಸ್ಥಿತಿ ನೋಡಲು ಇನ್ನೆರಡು ತಾಸಿಗೆ ಬರುತ್ತಾರಂತೆ. ಅಕ್ಕ ಅವತ್ತೇ ಜಮಖಂಡಿಗೆ ಹಾಸ್ಟೆಲ್ ವಿಚಾರಿಸಲು ಹೋಗಿದ್ದಳು. ಜನ ಮನೆ ನೋಡಲು ಬರುತ್ತಾರೆಂದರೆ ಅವ್ವನಿಗೆ ಗೊತ್ತಿದ್ದದ್ದು ಒಂದೇ ನಮೂನೆ.

"ಓಡಬೇ! ಕಾಕುನ ಮಿಕ್ಸರ್ ಇಸ್ಕೊಂಡ ಬಾ!"

ಪಕ್ಕದ ಮನೆಯ ಗಿರಿಜಾ ಕಾಕು ಟಿವಿಯನ್ನು ತಾನೇ ಹೊತ್ತು ತಂದಳು, ತನ್ನ ಕೊರಳಿನ ಸರ ತೆಗೆದು ಅವ್ವನಿಗೆ ಹಾಕಿದಳು. ನಾನು ಕುರ್ಚಿ ಎಳೆದೆಳೆದು ತಂದೆ. ಅವ್ವ ರವೆ-ಬೆಲ್ಲದ ಸಜ್ಜಕ ಮಾಡಿದಳು. ತುಪ್ಪದ ಘಮ ಬಾಗಿಲಾಚೆಗೂ ಬಂತು. ನನಗಂತೂ ಹಬ್ಬ!

ಬಂದವರು ಕನ್ನಡಕದ ಒಬ್ಬ ಸರ್. ಸಜ್ಜಕ ತಿಂದರು, ಸುತ್ತ ನೋಡಿದರು, ನನ್ನನ್ನು ಕರೆದರು.

"ಟಿವಿ, ಮಿಕ್ಸರ್ ಎಲ್ಲಾ ನಿಮ್ಮವ ಏನವಾ?"

"ಹೂಂರಿ! ಅವ್ವನ ಸರಾನೂ ನಮ್ಮದರಿ!"

ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಬಾಯಾಗ ಮಣ್ಣು ಬೀಳಲಿ, ನಾನೇ ಅಂದೆ. ಸರ್ ಬರೆದುಕೊಂಡರು.

ಅವರು ಫೈಲು ಮುಚ್ಚುವಾಗ ಅಕ್ಕ ಬಾಗಿಲಿಗೆ ಬಂದಳು. ಟಿವಿ ನೋಡಿದಳು, ಫೈಲು ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಅವ್ವನ ಮುಖ ನೋಡಿ ಖಾಲಿ ಬಸಿ ಎತ್ತಿಕೊಂಡು ಒಳಗೆ ಹೋದಳು. ಅವ್ವ ಅಷ್ಟು ಹಿಗ್ಗಿ ನಿಂತಿದ್ದಳು. ಅವಳನ್ನು ಪರರೆದುರು ಸುಳ್ಳುಗಾತಿ ಮಾಡಲು ಅಕ್ಕನಿಗೆ ಮನಸ್ಸು ಬರಲಿಲ್ಲ.

ವಾರದ ಮೇಲೆ ಉತ್ತರ ಬಂತು: ನಿಮಗಿಂತ ಕಷ್ಟದಲ್ಲಿರುವವರಿಗೆ ಕೊಟ್ಟಿದ್ದೇವೆ.

"ಬಂದವರ ಮುಂದ ಚಂದ ಕಾಣ್ಲಿ ಅಂತ ಮಾಡಿದ್ನವಾ," ಎಂದು ಅವ್ವ ಎದೆ ಬಡಿದುಕೊಂಡಳು.

"ಇರ್ಲಿ ಬಿಡವ್ವ," ಅಂದಳು ಅಕ್ಕ. ಮರುದಿನದಿಂದ ಅವ್ವನ ಪಕ್ಕ ಕುಳಿತು ಕಂಡಿಕಿ ಸುತ್ತಿದಳು. ಎರಡು ವರ್ಷಕ್ಕೆ ಮಹಾಲಿಂಗಪುರಕ್ಕೆ ಮದುವೆ ಮಾಡಿಕೊಟ್ಟರು.

ನಾನು ಪಿಯುಸಿ ಮುಗಿಸಿ ಅದೇ ಟ್ರಸ್ಟಿಗೆ ಅರ್ಜಿ ಹಾಕಿದಾಗ, ಅವರು ಮನೆ ನೋಡಲು ಬರುವ ದಿನ ಅಕ್ಕನೇ ಬಂದು ನಿಂತಳು. ಇದ್ದೊಂದು ಹೊಸ ಚಾದರವನ್ನೂ ಮಡಚಿ ಅಟ್ಟಕ್ಕೆ ಹಾಕಿದಳು. ಅವ್ವ ಚಹಾಕ್ಕೆ ನೀರಿಡಲು ಹೋದರೆ ಕೈ ಹಿಡಿದು, "ಬ್ಯಾಡವ್ವ, ಇವತ್ತ ಬ್ಯಾಡ," ಅಂದಳು. ಮನೆಗೆ ಬಂದವರು ಬಾಯಿ ಒಣಗಿಸಿಕೊಂಡು ಹೋದದ್ದು ನಮ್ಮಲ್ಲಿ ಅದೇ ಮೊದಲು. ಅವ್ವ ಒಳಗೆ ಕುಳಿತು ಅತ್ತಳು. ನನಗೆ ಸ್ಕಾಲರ್‌ಶಿಪ್ ಬಂತು.

ಬಿಎಸ್ಸಿ ಮುಗಿಸಿ ಸರ್ಟಿಫಿಕೇಟು ತೋರಿಸಲು ಮಹಾಲಿಂಗಪುರಕ್ಕೆ ಹೋದೆ. ಅಕ್ಕ ಕೈ ಒರೆಸಿಕೊಂಡು ಅದನ್ನು ಪೂರ್ತಿ ಓದಿದಳು.

"ಕ್ಲಾಸಿನ್ಯಾಗ ನೀ ಎಲ್ಲಿ ಕೂಡ್ತಿದ್ದಿ?"

"ನಾಕನೇ ಬೆಂಚಿನ್ಯಾಗ."

"ಅಯ್ಯ, ಹುಚ್ಚಿ! ನಾ ಆಗಿದ್ರ ಮೊದಲನೇ ಬೆಂಚ ಬಿಡ್ತಿದ್ದಿಲ್ಲ ನೋಡು."

ಖರೇ, ಅವಳು ಬಿಡುತ್ತಿರಲಿಲ್ಲ. ಅವತ್ತು ಆ ಸರ್‌ಗೆ ನಾನೇನು ಹೇಳಿದ್ದೆನೆಂದು ಅಕ್ಕನಿಗೆ ಇವತ್ತಿಗೂ ಹೇಳಿಲ್ಲ.